ಏಕಧಾರಾ ಸಂಗೀತ

ಜೊತೆಗೆ ಇನ್ನೊಂದು ಸ್ವರವಿಲ್ಲದೆ, ಹಿಮ್ಮೇಳದ ಆಸರೆಯಿಲ್ಲದೆ, ಒಂದೇ ಧಾಟಿಯಾಗಿ ಸಾಗುವ ಸಂಗೀತ. ಪಾಶ್ಚಾತ್ಯ ಸಂಗೀತಶಾಸ್ತ್ರದಲ್ಲಿ ಇದಕ್ಕೆ ಮೊನೊಫೊನಿ ಎಂದು ಹೆಸರು. ಹಾಡುವವರು ಒಬ್ಬರೇ ಇರಬೇಕೆಂದಿಲ್ಲ. ನೂರು ಜನ ಕೂಡಿ ಹಾಡಿದರೂ ಎಲ್ಲರೂ ಒಂದೇ ಸ್ವರವನ್ನು ಒಂದೇ ಗಳಿಗೆಯಲ್ಲಿ ಹಿಡಿದರೆ ಅದು ಏಕಧಾರೆಯೇ. ಗಂಡಸರು ಕೆಳಗಿನ ಸ್ಥಾಯಿಯಲ್ಲೂ ಹೆಂಗಸರು, ಮಕ್ಕಳು ಮೇಲಿನ ಸ್ಥಾಯಿಯಲ್ಲೂ ಹಾಡುತ್ತಿದ್ದರೆ ಅದನ್ನು ಎರಡು ಧಾರೆಯೆಂದು ಎಣಿಸುವುದಿಲ್ಲ. ಒಬ್ಬರು ಹಾಡಿದ್ದನ್ನೇ ಇನ್ನೊಬ್ಬರು ತುಸು ಹಿಂದುಮುಂದಾಗಿ, ಬೇರೆ ಬಳುಕುಗಳೊಡನೆ ಜೊತೆಯಲ್ಲೇ ನಡೆಸಿದರೆ ಹೆಟರೊಫೊನಿ. ಕರ್ನಾಟಕ ಸಂಗೀತದ ಕಛೇರಿಯಲ್ಲಿ ಗಾಯಕರ ಆಲಾಪನೆಯನ್ನು ಹಿಂಬಾಲಿಸುವ ಪಿಟೀಲು ಅದಕ್ಕೆ ಹತ್ತಿರದ ಉದಾಹರಣೆ. ಒಂದು ಧಾಟಿಗೆ ಕಾರ್ಡ್‌ಗಳ, ಅಂದರೆ ಒಟ್ಟಿಗೆ ನುಡಿಯುವ ಸ್ವರಗುಚ್ಛಗಳ, ಒತ್ತಾಸೆ ಸೇರಿದರೆ ಹೋಮೊಫೊನಿ, ಸ್ವತಂತ್ರವಾದ ಹಲವು ಧಾಟಿಗಳು ಒಟ್ಟೊಟ್ಟಿಗೆ ನಡೆದರೆ ಪಾಲಿಫೊನಿ.

ಇಲ್ಲಿ ಶ್ರುತಿಯ ಪ್ರಶ್ನೆ ಬಂದೇ ಬರುತ್ತದೆ. ತಂಬೂರಿಯ ಷಡ್ಜ ಪಂಚಮಗಳು ಎಡೆಬಿಡದೆ ಮಿಡಿಯುತ್ತಿರುವಾಗ ಅವುಗಳ ಮೇಲೆ ಹಾಡಿದ್ದು ಒಂಟಿ ಧಾರೆ ಹೇಗಾದೀತು? ಕಟ್ಟುನಿಟ್ಟಾಗಿ ಹೇಳುವುದಾದರೆ ಆಗುವುದಿಲ್ಲ. ಹಲವು ಪಾಶ್ಚಾತ್ಯ ಪಠ್ಯಪುಸ್ತಕಗಳು ಭಾರತೀಯ ಸಂಗೀತವನ್ನು ಇಡಿಯಾಗಿ ಮೊನೊಫೊನಿಯ ಖಾನೆಗೆ ಹಾಕುತ್ತವೆ. ಅದು ಸ್ವರಲಿಪಿಯ ಪುಟವನ್ನಷ್ಟೇ ನೋಡಿ ಆಡಿದ ಮಾತು. ಕಛೇರಿಯಲ್ಲಿ ಕಿವಿಗೆ ಬೀಳುವುದು ಶ್ರುತಿ, ಪಕ್ಕವಾದ್ಯ, ತಾಳ ಎಲ್ಲವೂ ಹೆಣೆದುಕೊಂಡ ನಾದ. ಆದ್ದರಿಂದ ಈ ಲೇಖನದಲ್ಲಿ ನಿಜಕ್ಕೂ ಒಂಟಿಯಾಗಿ ನಿಲ್ಲುವ ಪರಂಪರೆಗಳಿಗೆ ಮೊದಲ ಸ್ಥಾನ, ಶ್ರುತಿಯೊಂದನ್ನೇ ನೆಚ್ಚಿದವಕ್ಕೆ ಅದರ ನಂತರದ್ದು.

ಸಂಗೀತದ ಇತಿಹಾಸಗಳು ಏಕಧಾರೆಯನ್ನು ಸಾಮಾನ್ಯವಾಗಿ ಮೊದಲ ಅಧ್ಯಾಯದಲ್ಲಿ ಮುಗಿಸಿ, ಪಾಲಿಫೊನಿ ಹುಟ್ಟಿದ ಕೂಡಲೇ ಅದನ್ನು ಹಿಂದೆ ಬಿಟ್ಟು ಹೋಗುತ್ತವೆ. ಇದರಿಂದ ಅದೊಂದು ಅರೆಬೆಂದ ಕಲೆ, ಮುಂದಿನದಕ್ಕೆ ಮೆಟ್ಟಿಲು ಎಂಬ ಭಾವನೆ ಓದುಗರಲ್ಲಿ ಉಳಿಯುತ್ತದೆ. ಆದರೆ ಒಂದು ಸಾವಿರ ವರ್ಷಕ್ಕೂ ಹೆಚ್ಚು ಕಾಲ ಹಲವು ನಾಡುಗಳ ಅತ್ಯಂತ ಗಂಭೀರ ಗಾಯಕರು ಈ ಬಗೆಯಲ್ಲೇ ಹಾಡಿದರು, ಈಗಲೂ ಹಾಡುತ್ತಿದ್ದಾರೆ. ಹಿಮ್ಮೇಳ ಮಾಡುವ ಕೆಲಸವನ್ನು ಇಲ್ಲಿ ಬೇರೆ ಯಾವುದೋ ಮಾಡುತ್ತಿರುತ್ತದೆ. ಅದೇನೆಂದು ತಿಳಿದರೆ ಈ ಕಲೆಯಲ್ಲಿ ಕೊರತೆಯೇನೂ ಕಾಣುವುದಿಲ್ಲ.

ಒಂಟಿ ಧಾಟಿಗೆ ಆಧಾರ

ಕಾರ್ಡ್‌ಗಳಿರುವ ಸಂಗೀತದಲ್ಲಿ ಕೇಳುಗರಿಗೆ ದಾರಿ ತೋರುವ ಹೊಣೆಯ ಬಹುಪಾಲು ಹಿಮ್ಮೇಳದ್ದು. ಸಾಲು ಎಲ್ಲಿ ಮುಗಿಯಿತು, ಎಲ್ಲಿ ಬಿಗಿ ಹೆಚ್ಚಿತು, ಯಾವಾಗ ನೆಲೆಗೆ ಮರಳಿತು ಎಂಬುದನ್ನು ಅದೇ ಸೂಚಿಸುತ್ತದೆ. ಒಂಟಿ ಧಾಟಿಯಲ್ಲಿ ಈ ಹೊಣೆ ಮೊದಲು ಬೀಳುವುದು ಸ್ವರಗಳ ನಡುವಿನ ಶ್ರೇಣಿಯ ಮೇಲೆ. ನಮ್ಮ ಲಕ್ಷಣಕಾರರು ಗ್ರಹ, ಅಂಶ, ನ್ಯಾಸ ಎಂದು ಬೇರ್ಪಡಿಸಿದ್ದು ಇದನ್ನೇ: ಎತ್ತಿಕೊಳ್ಳುವ ಸ್ವರ ಒಂದು, ಮೇಲಿಂದ ಮೇಲೆ ಒತ್ತು ಪಡೆಯುವ ಸ್ವರ ಒಂದು, ಬಂದು ನಿಲ್ಲುವ ಸ್ವರ ಒಂದು. ಯೂರೋಪಿನ ಚರ್ಚುಗಾನದ ಶಾಸ್ತ್ರಜ್ಞರೂ ತಮ್ಮದೇ ದಾರಿಯಲ್ಲಿ ನಡೆದು ಇಂಥದೇ ವಿಂಗಡಣೆಗೆ ಬಂದರು. ನ್ಯಾಸಸ್ವರ ಕಿವಿಯಲ್ಲಿ ನೆಟ್ಟ ಮೇಲೆ ಉಳಿದ ಪ್ರತಿ ಸ್ವರವೂ ಅದರಿಂದ ಎಷ್ಟು ದೂರ ಎಂಬ ಲೆಕ್ಕದಲ್ಲೇ ಕೇಳಿಸುತ್ತದೆ. ತಂಬೂರಿ ಹೊರಗೆ ಮಿಡಿಯದಿದ್ದರೂ ಕೇಳುಗರ ಒಳಗೆ ಮಿಡಿಯುತ್ತದೆ.

ಎರಡನೆಯ ಆಧಾರ ಮಾತು ಮತ್ತು ಉಸಿರು. ಹಳೆಯ ಏಕಧಾರಾ ಪರಂಪರೆಗಳಲ್ಲಿ ಹೆಚ್ಚಿನವು ತಾಳಬದ್ಧವಲ್ಲ. ವಾಕ್ಯದ ಯತಿ, ಶಬ್ದದ ಒತ್ತು, ಹಾಡುವವರ ಉಸಿರಿನ ಅಳತೆ ಇವೇ ಅಲ್ಲಿ ಲಯ. ಮೂರನೆಯದು ನೆನಪು. ಒಂದು ಪರಂಪರೆಯಲ್ಲಿ ಬೆಳೆದ ಕೇಳುಗರಿಗೆ ಸಾಲಿನ ಮುಕ್ತಾಯ ಹೀಗೆ ಬರುತ್ತದೆ, ಅದಕ್ಕೆ ಮೊದಲು ಇಂಥ ತಿರುವು ಬರುತ್ತದೆ ಎಂದು ಮೊದಲೇ ಗೊತ್ತಿರುತ್ತದೆ. ಹಾಡು ಆ ನಿರೀಕ್ಷೆಯನ್ನು ಈಡೇರಿಸುತ್ತ, ಕೆಲವೊಮ್ಮೆ ತಡೆಹಿಡಿಯುತ್ತ ಸಾಗುತ್ತದೆ.

ಇನ್ನೊಂದು ಆಧಾರ ಕಟ್ಟಡ. ಕಲ್ಲಿನ ಎತ್ತರದ ಮಂದಿರದಲ್ಲಿ ಹಾಡಿದ ಸ್ವರ ಕೂಡಲೇ ಅಡಗುವುದಿಲ್ಲ. ಇಸ್ತಾಂಬುಲ್‌ನಲ್ಲಿ 537ರಲ್ಲಿ ಕಟ್ಟಿ ಮುಗಿಸಿದ ಹಗಿಯಾ ಸೋಫಿಯಾದಲ್ಲಿ ಅನುರಣನ 10 ಸೆಕೆಂಡಿಗೂ ಹೆಚ್ಚು ಕಾಲ ಉಳಿಯುತ್ತದೆ. ಅಷ್ಟು ಹೊತ್ತಿನಲ್ಲಿ ಗಾಯಕರು ಇನ್ನೂ ಹಲವು ಸ್ವರಗಳನ್ನು ಹಾಡಿರುತ್ತಾರೆ. ಹಿಂದಿನವು ಮುಂದಿನವುಗಳೊಂದಿಗೆ ಬೆರೆತು ಗುಮ್ಮಟದ ಕೆಳಗೆ ತಂತಾನೇ ಒಂದು ಸಂವಾದ ಹುಟ್ಟುತ್ತದೆ. ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಸಂಶೋಧಕರು ಈ ಕಟ್ಟಡದ ಅನುರಣನವನ್ನು ಅಳೆದು ಕಂಪ್ಯೂಟರಿನಲ್ಲಿ ಮರುಸೃಷ್ಟಿಸಿದರು. ಆ ನಾದಾವರಣದಲ್ಲಿ ಬೈಜಾಂಟಿಯಮ್ಮಿನ ಗಾನವನ್ನು ಹಾಡಿ ಕಪ್ಪೆಲ್ಲಾ ರೊಮಾನಾ ತಂಡ 2019ರಲ್ಲಿ ಒಂದು ಆಲ್ಬಂ ಹೊರತಂದಿತು. ಅದನ್ನು ಕೇಳಿದವರಿಗೆ ಗೋಡೆಗಳನ್ನೂ ವಾದ್ಯವೆಂದು ಲೆಕ್ಕ ಹಿಡಿಯಬೇಕೆನಿಸುತ್ತದೆ.

ಗ್ರೆಗೋರಿಯನ್ ಗಾನ

ಪಶ್ಚಿಮದಲ್ಲಿ ಏಕಧಾರಾ ಸಂಗೀತದ ಅತಿ ದೊಡ್ಡ ಭಂಡಾರ ಲ್ಯಾಟಿನ್ ಚರ್ಚಿನ ಈ ಗಾನ. ಹೆಸರು ಬಂದದ್ದು 590ರಿಂದ 604ರವರೆಗೆ ಪೋಪ್ ಆಗಿದ್ದ ಒಂದನೆಯ ಗ್ರೆಗರಿಯಿಂದ. ಪಾರಿವಾಳದ ರೂಪದಲ್ಲಿ ಬಂದ ಪವಿತ್ರಾತ್ಮ ಅವರ ಕಿವಿಯಲ್ಲಿ ಧಾಟಿಗಳನ್ನು ಉಸುರಿತು, ಅವರು ಅವನ್ನು ಬರೆಸಿದರು ಎಂಬ ಕಥೆ ಮಧ್ಯಯುಗದ ಚಿತ್ರಗಳಲ್ಲಿ ಮತ್ತೆ ಮತ್ತೆ ಕಾಣುತ್ತದೆ. ಇಂದು ವಿದ್ವಾಂಸರು ಸಾಮಾನ್ಯವಾಗಿ ಒಪ್ಪುವ ಚರಿತ್ರೆ ಬೇರೆ. ಎಂಟನೆಯ ಶತಮಾನದ ನಡುವೆ ಫ್ರಾಂಕ್ ದೊರೆ ಪೆಪಿನ್ ರೋಮಿನ ಪೂಜಾಕ್ರಮವನ್ನು ತನ್ನ ರಾಜ್ಯಕ್ಕೆ ತರಿಸಿಕೊಂಡ. ಅವನ ಮಗ ಶಾರ್ಲಮೇನ್ 789ರ ಆಜ್ಞೆಯಲ್ಲಿ ಪಾದ್ರಿಗಳೆಲ್ಲ ರೋಮಿನ ಗಾನವನ್ನು ಕಲಿಯಬೇಕೆಂದು ವಿಧಿಸಿದ. ರೋಮಿನಿಂದ ಬಂದ ಧಾಟಿಗಳು ಆಲ್ಪ್ಸ್ ಪರ್ವತದ ಉತ್ತರದ ಗಾಯಕರ ಬಾಯಲ್ಲಿ, ಅಲ್ಲಿಯ ಗಾಲಿಕನ್ ರೂಢಿಯೊಂದಿಗೆ ಬೆರೆತು ಹೊಸ ರೂಪ ತಾಳಿದವು. ಆ ರೂಪಕ್ಕೆ ಗ್ರೆಗರಿಯ ಹೆಸರು ಅಧಿಕಾರದ ಮುದ್ರೆಯಾಯಿತು. ಮಿಲಾನಿನ ಆಂಬ್ರೋಸಿಯನ್ ಗಾನ, ಸ್ಪೇನಿನ ಮೊಜರಾಬಿಕ್ ಗಾನ ಮೊದಲಾದ ಪ್ರಾದೇಶಿಕ ಪರಂಪರೆಗಳು ಅದರ ಮುಂದೆ ಹಿಂದೆ ಸರಿದವು. ಮಿಲಾನಿನದು ಮಾತ್ರ ಬಳಕೆಯಲ್ಲಿ ಉಳಿದುಕೊಂಡಿತು.

ಈ ಗಾನದ ಬುಡ ಬೈಬಲಿನ ಕೀರ್ತನೆಗಳು. ಆರನೆಯ ಶತಮಾನದಲ್ಲಿ ಸಂತ ಬೆನೆಡಿಕ್ಟ್ ಬರೆದ ಮಠನಿಯಮದ ಪ್ರಕಾರ 150 ಕೀರ್ತನೆಗಳೂ ಒಂದು ವಾರದೊಳಗೆ ಹಾಡಿ ಮುಗಿಯಬೇಕು. ಹಾಡುವ ಕ್ರಮವನ್ನು ಹತ್ತಿರದಿಂದ ನೋಡುವುದಾದರೆ, ಪ್ರತಿ ವಚನಕ್ಕೂ ಎರಡು ಭಾಗ. ಮೊದಲ ಎರಡು ಮೂರು ಅಕ್ಷರಗಳು ಮೆಟ್ಟಿಲೇರಿ ಒಂದು ಸ್ವರವನ್ನು ಮುಟ್ಟುತ್ತವೆ. ಅಲ್ಲಿಂದ ಮುಂದಿನ ಅಕ್ಷರಗಳು ಐದಿರಲಿ, ಇಪ್ಪತ್ತೈದಿರಲಿ, ಅದೇ ಸ್ವರದ ಮೇಲೆ ಮಾತಿನ ನಡೆಯಲ್ಲಿ ಹೋಗುತ್ತವೆ. ನಡುವೆ ಸಣ್ಣದೊಂದು ಬಾಗು, ಅದಾದ ಮೇಲೆ ನಿಲುಗಡೆ. ಎರಡನೆಯ ಭಾಗ ನೇರವಾಗಿ ಅದೇ ಸ್ವರದಿಂದ ಎದ್ದು ಕೊನೆಯಲ್ಲಿ ಇಳಿದು ಮುಗಿಯುತ್ತದೆ. ಎದುರುಬದುರು ನಿಂತ ಎರಡು ಸಾಲಿನ ಸನ್ಯಾಸಿಗಳು ವಚನ ಬಿಟ್ಟು ವಚನ ಹಾಡುತ್ತಾರೆ. ನಡುವಿನ ನಿಲುಗಡೆಯನ್ನು ಎಲ್ಲರೂ ಒಂದೇ ಅಳತೆಯಲ್ಲಿ ಕಾಯುವುದು ಕಲಿಯಲು ಬಲು ಕಷ್ಟ. ಯಾರೂ ಕೈ ಬೀಸಿ ತೋರಿಸುವುದಿಲ್ಲ, ಪಕ್ಕದವರ ಉಸಿರನ್ನು ಕೇಳಿಯೇ ಹಿಡಿಯಬೇಕು.

ಕೀರ್ತನೆಯ ಧಾಟಿ ಹೀಗೆ ಸರಳವಾದರೆ, ಬಲಿಪೂಜೆಯಲ್ಲಿ ಒಬ್ಬ ಗಾಯಕ ಹಾಡುವ ಭಾಗಗಳು ಅದರ ಇನ್ನೊಂದು ತುದಿ. ಅಲ್ಲೆಲೂಯಾ ಎಂಬ ಶಬ್ದದ ಕೊನೆಯ ಸ್ವರಾಕ್ಷರದ ಮೇಲೆ ಹತ್ತಾರು ಸ್ವರಗಳ ಓಟವೇ ಇರುತ್ತದೆ. ಇದಕ್ಕೆ ಯೂಬಿಲಸ್ ಎಂದು ಹೆಸರು. ಮಾತಿಗೆ ನಿಲುಕದ ಆನಂದ ಶಬ್ದವಿಲ್ಲದ ಕೂಗಾಗಿ ಹೊಮ್ಮುವುದನ್ನು ಕುರಿತು ಸಂತ ಅಗಸ್ಟೀನ್ ಬಹಳ ಹಿಂದೆಯೇ ಬರೆದಿದ್ದರು. ಅದೇ ಅಗಸ್ಟೀನ್ ತಮ್ಮ ಆತ್ಮನಿವೇದನೆಯ ಹತ್ತನೆಯ ಭಾಗದಲ್ಲಿ, ಹಾಡಿನ ಅರ್ಥಕ್ಕಿಂತ ಹಾಡೇ ತಮ್ಮನ್ನು ಹೆಚ್ಚು ಅಲುಗಾಡಿಸಿದಾಗ ಪಾಪ ಮಾಡಿದಂತೆ ಅನಿಸುತ್ತದೆ ಎಂದು ಸಂಕಟಪಡುತ್ತಾರೆ. ಚರ್ಚಿನ ಸಂಗೀತದ ಮುಂದಿನ ಚರಿತ್ರೆಯೆಲ್ಲ ಈ ಎರಡರ ನಡುವಿನ ಎಳೆದಾಟ.

ಧಾಟಿಗಳನ್ನು ಎಂಟು ಮೋಡ್‌ಗಳಲ್ಲಿ ವಿಂಗಡಿಸಿದರು. ರೆ, ಮಿ, ಫಾ, ಸೋಲ್ ಎಂಬ ನಾಲ್ಕು ನ್ಯಾಸಸ್ವರಗಳು. ಪ್ರತಿಯೊಂದಕ್ಕೂ ಮೇಲಕ್ಕೆ ಹರಡಿಕೊಳ್ಳುವ ಒಂದು ರೂಪ, ನ್ಯಾಸದ ಮೇಲೂ ಕೆಳಗೂ ಸುತ್ತಾಡುವ ಇನ್ನೊಂದು ರೂಪ. ಮೊದಲ ಮೋಡ್‌ನಲ್ಲಿ ನ್ಯಾಸ ರೆ, ಒತ್ತಿನ ಸ್ವರ ಲಾ; ನಮ್ಮ ಲೆಕ್ಕದಲ್ಲಿ ಷಡ್ಜ ಮತ್ತು ಪಂಚಮದ ಸಂಬಂಧ. ಈ ಎಂಟರ ಕಲ್ಪನೆ ಬಂದದ್ದು ಪೂರ್ವದ ಬೈಜಾಂಟಿಯಮ್ ಪರಂಪರೆಯಿಂದ. ಅಲ್ಲಿ ಧಾಟಿಯ ಕೆಳಗೆ ಐಸನ್ ಎಂಬ ಶ್ರುತಿಯನ್ನು ಗಾಯಕರೇ ಬಾಯಲ್ಲಿ ಹಿಡಿಯುವ ರೂಢಿಯೂ ಬೆಳೆಯಿತು.

ಬರವಣಿಗೆಯ ಕಥೆ ಇನ್ನೂ ಕುತೂಹಲದ್ದು. ಮನುಷ್ಯನ ನೆನಪಿನಲ್ಲಿ ಉಳಿಯದ ನಾದ ಅಳಿದುಹೋಗುತ್ತದೆ, ಅದನ್ನು ಬರೆದಿಡಲಾಗದು ಎಂದು ಏಳನೆಯ ಶತಮಾನದಲ್ಲಿ ಸೆವಿಲ್ಲಿನ ಇಸಿಡೋರ್ ಹೇಳಿದ್ದರು. ಒಂಬತ್ತನೆಯ ಶತಮಾನದ ಹೊತ್ತಿಗೆ ಅಕ್ಷರಗಳ ನೆತ್ತಿಯ ಮೇಲೆ ನ್ಯೂಮ್ ಎಂಬ ಗೀರುಗಳು ಕಾಣಿಸಿಕೊಂಡವು. ಸ್ವಿಟ್ಜರ್ಲೆಂಡಿನ ಸೇಂಟ್ ಗಾಲ್ ಮಠದ ಗ್ರಂಥಾಲಯದಲ್ಲಿ 359ನೆಯ ಸಂಖ್ಯೆಯ ಹಸ್ತಪ್ರತಿ ಹತ್ತನೆಯ ಶತಮಾನದ ಆರಂಭದ್ದು. ಅದರ ಗೀರುಗಳು ಸ್ವರದ ಎತ್ತರವನ್ನು ಹೇಳುವುದೇ ಇಲ್ಲ. ಧ್ವನಿ ಏರಿತೋ ಇಳಿಯಿತೋ ಎಂಬುದನ್ನು ತೋರಿಸಿ, ಪಕ್ಕದಲ್ಲಿ ಚಿಕ್ಕ ಅಕ್ಷರ ಬರೆದು ಇಲ್ಲಿ ಬೇಗ, ಇಲ್ಲಿ ತಡೆದು ಎಂದು ಸೂಚಿಸುತ್ತವೆ. ಸ್ವರಗಳು ಹೇಗೂ ಬಾಯಿಪಾಠವಾಗಿರುತ್ತಿದ್ದವು. ಮರೆಯುವ ಭಯವಿದ್ದದ್ದು ಮಾತಿನ ಹದ, ಅದನ್ನು ಬರೆದರು. ಇಂದಿನ ಸ್ವರಲಿಪಿ ಬರೆಯುವುದನ್ನು ಅವರು ಬಿಟ್ಟರು, ಇಂದಿನದು ಬಿಡುವುದನ್ನು ಅವರು ಬರೆದರು.

ಇಟಲಿಯ ಅರೆಜ್ಜೊ ಊರಿನಲ್ಲಿ ಬಾಲಗಾಯಕರಿಗೆ ಪಾಠ ಹೇಳುತ್ತಿದ್ದ ಗ್ವೀಡೊ ಎಂಬ ಸನ್ಯಾಸಿ 1020ರ ದಶಕದಲ್ಲಿ ಇದನ್ನು ಬದಲಿಸಿದರು. ಗೆರೆಗಳನ್ನು ಎಳೆದು, ಫಾ ಸ್ವರದ ಗೆರೆಗೆ ಕೆಂಪು, ದೋ ಸ್ವರದ ಗೆರೆಗೆ ಹಳದಿ ಬಣ್ಣ ಕೊಟ್ಟರು. ಸ್ನಾನಿಕ ಯೋಹಾನನನ್ನು ಸ್ತುತಿಸುವ ಒಂದು ಸ್ತೋತ್ರದಲ್ಲಿ ಪ್ರತಿ ಚರಣವೂ ಹಿಂದಿನದಕ್ಕಿಂತ ಒಂದು ಸ್ವರ ಮೇಲಿನಿಂದ ಎದ್ದುಕೊಳ್ಳುತ್ತದೆ. ಆ ಚರಣಗಳ ಮೊದಲ ಅಕ್ಷರಗಳಾದ ಉತ್, ರೆ, ಮಿ, ಫಾ, ಸೋಲ್, ಲಾ ಸ್ವರಗಳ ಹೆಸರಾದವು. ಹತ್ತು ವರ್ಷ ಹಿಡಿಯುತ್ತಿದ್ದ ಕಲಿಕೆ ಒಂದೆರಡು ವರ್ಷಕ್ಕೆ ಇಳಿಯಿತು ಎಂದು ಗ್ವೀಡೊ ಹೆಮ್ಮೆಯಿಂದ ಬರೆದುಕೊಂಡಿದ್ದಾರೆ. ಎಂದೂ ಕೇಳದ ಧಾಟಿಯನ್ನು ಪುಟ ನೋಡಿ ಹಾಡುವುದು ಇದರಿಂದ ಸಾಧ್ಯವಾಯಿತು. ಇದರ ಬೆಲೆಯನ್ನು ಗಾನವೇ ತೆತ್ತಿತು: ಗೆರೆಗಳ ಮೇಲೆ ಕೂಡದ ಸೂಕ್ಷ್ಮ ಬಳುಕುಗಳೂ, ಬೇಗ ಮತ್ತು ತಡೆದು ಎಂಬ ಸೂಚನೆಗಳೂ ಮುಂದಿನ ಹಸ್ತಪ್ರತಿಗಳಲ್ಲಿ ಕ್ರಮೇಣ ಮಾಯವಾದವು.

ಹೊಸ ಧಾಟಿಗಳನ್ನು ಕಟ್ಟಿದವರಲ್ಲಿ ಎದ್ದು ಕಾಣುವವರು ರೈನ್ ನದಿ ದಡದ ಮಠಾಧಿಕಾರಿಣಿ ಬಿಂಗೆನ್ನಿನ ಹಿಲ್ಡೆಗಾರ್ಡ್ (1098–1179). ಅವರ ಎಪ್ಪತ್ತಕ್ಕೂ ಹೆಚ್ಚು ಹಾಡುಗಳು, ಓರ್ಡೊ ವಿರ್ಟೂಟಮ್ ಎಂಬ ಗೇಯನಾಟಕ ಉಳಿದು ಬಂದಿವೆ. ಮಾಮೂಲಿ ಗಾನ ಒಂದು ಸ್ಥಾಯಿಯ ಆಸುಪಾಸಿನಲ್ಲಿ ಓಡಾಡಿದರೆ ಹಿಲ್ಡೆಗಾರ್ಡ್ ಆರಂಭದಲ್ಲೇ ಪಂಚಮಕ್ಕೆ ಜಿಗಿದು ಎರಡು ಸ್ಥಾಯಿಗಳತ್ತ ಕೈಚಾಚುತ್ತಾರೆ. ಮಠದ ನೆಲದಲ್ಲಿ ಬಹಿಷ್ಕೃತನೆನ್ನಲಾದ ಒಬ್ಬನನ್ನು ಹೂಳಿದ ಕಾರಣಕ್ಕೆ 1178ರಲ್ಲಿ ಮೈನ್ಸ್ ನಗರದ ಧರ್ಮಾಧಿಕಾರಿಗಳು ಅವರ ಮಠದಲ್ಲಿ ಹಾಡುವುದನ್ನೇ ನಿಷೇಧಿಸಿದರು. ದೇವರ ಸ್ತುತಿಯ ಬಾಯಿ ಮುಚ್ಚಿಸುವ ಹಕ್ಕು ಯಾರಿಗಿದೆಯೆಂದು ಎಂಬತ್ತರ ಆಸುಪಾಸಿನ ಹಿಲ್ಡೆಗಾರ್ಡ್ ಬರೆದ ಪತ್ರ ಗಾನದ ಪರವಾಗಿ ಮಧ್ಯಯುಗದಲ್ಲಿ ಹುಟ್ಟಿದ ಬಲು ದಿಟ್ಟ ಬರಹಗಳಲ್ಲೊಂದು. ಮರುವರ್ಷ ನಿಷೇಧ ತೆರವಾಯಿತು. ಅದೇ ವರ್ಷ ಅವರು ತೀರಿಕೊಂಡರು.

ಅಷ್ಟರಲ್ಲಿ ಇದೇ ಗಾನದ ಮಡಿಲಲ್ಲಿ ಪಾಲಿಫೊನಿ ಹುಟ್ಟಿಯಾಗಿತ್ತು. ಒಂಬತ್ತನೆಯ ಶತಮಾನದ ಮ್ಯೂಸಿಕಾ ಎಂಕಿರಿಯಾಡಿಸ್ ಗ್ರಂಥ, ಧಾಟಿಗೆ ನಾಲ್ಕು ಅಥವಾ ಐದು ಸ್ವರಗಳ ಅಂತರದಲ್ಲಿ ಇನ್ನೊಂದು ದನಿಯನ್ನು ಸೇರಿಸುವ ಬಗೆಯನ್ನು ವಿವರಿಸುತ್ತದೆ. ಹನ್ನೆರಡನೆಯ ಶತಮಾನದ ಕೊನೆಯ ಪ್ಯಾರಿಸ್ಸಿನಲ್ಲಿ ಹಳೆಯ ಧಾಟಿಯ ಒಂದೊಂದು ಸ್ವರವನ್ನೂ ಉದ್ದಕ್ಕೆ ಎಳೆದು ಅದರ ಮೇಲೆ ಬೇರೆ ದನಿಗಳನ್ನು ಆಡಿಸಿದರು. ಗಾನ ಬುನಾದಿಯಾಯಿತು, ಬುನಾದಿಯನ್ನು ಯಾರೂ ನೋಡುವುದಿಲ್ಲ. 1614–15ರಲ್ಲಿ ರೋಮಿನಲ್ಲಿ ಅಚ್ಚಾದ ಆವೃತ್ತಿ ಉದ್ದನೆಯ ಸ್ವರದೋಟಗಳನ್ನು ಅನಾಗರಿಕವೆಂದು ಕತ್ತರಿಸಿ ಹಾಕಿತು. ಹತ್ತೊಂಬತ್ತನೆಯ ಶತಮಾನದಲ್ಲಿ ಪ್ರತಿ ಸ್ವರಕ್ಕೂ ಆರ್ಗನ್ನಿನ ಕಾರ್ಡ್ ಜೋಡಿಸುವ ಪಠ್ಯಗಳೂ ಬಂದವು. ಕಾರ್ಡ್ ಸೇರಿದ ಕ್ಷಣ ಮೋಡ್ ತನ್ನ ಸ್ವಭಾವ ಕಳೆದುಕೊಳ್ಳುತ್ತದೆ: ಮಿ ಸ್ವರದ ಮೇಲೆ ತೂಗುತ್ತ ನಿಲ್ಲಬೇಕಾದ ಮುಕ್ತಾಯ ಮೇಜರ್ ಮೈನರ್‌ಗಳ ಮಾಮೂಲಿ ಮುಕ್ತಾಯವಾಗಿಬಿಡುತ್ತದೆ. ಇದು ಸೊಗಸಿನ ಹೆಸರಿನಲ್ಲಿ ನಡೆದ ಹಾನಿ.

ದುರಸ್ತಿಯ ಕೆಲಸ ಆದದ್ದು ಫ್ರಾನ್ಸಿನ ಸೊಲೆಮ್ ಮಠದಲ್ಲಿ. 1833ರಲ್ಲಿ ಪ್ರಾಸ್ಪರ್ ಗೆರಾಂಜೆ ಅದನ್ನು ಮತ್ತೆ ಕಟ್ಟಿದರು. ಅಲ್ಲಿಯ ಸನ್ಯಾಸಿಗಳು ಯೂರೋಪಿನ ಗ್ರಂಥಾಲಯಗಳನ್ನು ಸುತ್ತಿ ಹಸ್ತಪ್ರತಿಗಳನ್ನು ನಕಲು ಮಾಡಿದರು, ಫೋಟೊ ತೆಗೆದರು. 1889ರಿಂದ ಅವನ್ನು ಸಂಪುಟಗಳಾಗಿ ಪ್ರಕಟಿಸತೊಡಗಿದರು. ಗ್ವೀಡೊಗಿಂತ ಹಿಂದಿನ ಗೀರುಗಳನ್ನು ಓದಲು ಕೀಲಿಕೈ ಕೊಟ್ಟದ್ದು 1847ರಲ್ಲಿ ಮೊಂಪೆಲಿಯೆಯಲ್ಲಿ ಸಿಕ್ಕ ಒಂದು ಹಸ್ತಪ್ರತಿ. ಅದರಲ್ಲಿ ನ್ಯೂಮ್‌ಗಳ ಜೊತೆಗೇ ಸ್ವರದ ಎತ್ತರವನ್ನು ಅಕ್ಷರಗಳಲ್ಲಿ ಬರೆದಿತ್ತು. ಪೋಪ್ ಹತ್ತನೆಯ ಪಯಸ್ 1903ರ ಆದೇಶದಲ್ಲಿ ಈ ಗಾನವನ್ನು ಚರ್ಚಿನ ಸಂಗೀತಕ್ಕೆ ಮಾದರಿಯೆಂದು ಸಾರಿದರು, 1908ರಲ್ಲಿ ಗ್ರಾಡುವಾಲೆ ಎಂಬ ವ್ಯಾಟಿಕನ್ನಿನ ಅಧಿಕೃತ ಗಾನಸಂಪುಟ ಹೊರಬಂತು. ಲಯದ ಬಗ್ಗೆ ಜಗಳ ಮಾತ್ರ ಮುಗಿಯಲಿಲ್ಲ. ಎಲ್ಲ ಸ್ವರಗಳೂ ಸಮಾನ ಕಾಲದವು ಎಂದು ಸೊಲೆಮ್ಮಿನ ಸನ್ಯಾಸಿ ಮೋಕೆರೋ, ನಿಡಿದು ಕಿರಿದುಗಳ ಖಚಿತ ಅಳತೆಯಿತ್ತು ಎಂದು ಇನ್ನು ಕೆಲವರು. ಹಳೆಯ ಗೀರುಗಳ ಆಕಾರವೇ ಲಯವನ್ನು ಹೇಳುತ್ತದೆಂದು 1968ರ ತಮ್ಮ ಗ್ರಂಥದಲ್ಲಿ ತೋರಿಸಿದ ಯೂಜೀನ್ ಕಾರ್ದೀನ್ ಅವರ ದಾರಿ ಈಗ ಹೆಚ್ಚು ಜನ ಹಿಡಿದಿರುವುದು.

ಎರಡನೆಯ ವ್ಯಾಟಿಕನ್ ಮಹಾಸಭೆ 1963ರಲ್ಲಿ ಈ ಗಾನಕ್ಕೆ ಅಗ್ರಸ್ಥಾನವಿದೆಯೆಂದು ಬರೆಯಿತು. ಆದರೂ ಪೂಜೆ ದೇಶಭಾಷೆಗಳಿಗೆ ತಿರುಗಿದಂತೆ ಲ್ಯಾಟಿನ್ನಿನೊಂದಿಗೆ ಅದೂ ಸಾಮಾನ್ಯ ಚರ್ಚುಗಳಿಂದ ಮರೆಯಾಯಿತು. 1994ರಲ್ಲಿ ಸ್ಪೇನಿನ ಸಿಲೋಸ್ ಮಠದ ಸನ್ಯಾಸಿಗಳ ಧ್ವನಿಮುದ್ರಣ ಅಮೆರಿಕದ ಬಿಲ್‌ಬೋರ್ಡ್ ಪಟ್ಟಿಯ 3ನೆಯ ಸ್ಥಾನಕ್ಕೇರಿ ಲಕ್ಷಾಂತರ ಪ್ರತಿ ಮಾರಾಟವಾದಾಗ, ಅದನ್ನು ಕೊಂಡವರಲ್ಲಿ ಬಹುಮಂದಿ ಚರ್ಚಿನ ಹೊರಗಿನವರೇ.

ಪಾರಾಯಣದ ಪರಂಪರೆಗಳು

ಯಹೂದಿ ಸಿನಗಾಗ್‌ನಲ್ಲಿ ತೋರಾವನ್ನು ಓದುವವರು ಪ್ರತಿ ಶಬ್ದದ ಮೇಲೂ ಕೆಳಗೂ ಇರುವ ಚಿಹ್ನೆಗಳ ಪ್ರಕಾರ ರಾಗವಾಗಿ ಓದುತ್ತಾರೆ. ಈ ಚಿಹ್ನೆಗಳನ್ನು ಹತ್ತನೆಯ ಶತಮಾನದ ಹೊತ್ತಿಗೆ ಟೈಬೀರಿಯಸ್ ಊರಿನ ವಿದ್ವಾಂಸರು ಖಚಿತಗೊಳಿಸಿದರು. ಒಂದೇ ಚಿಹ್ನೆಗೆ ಯೆಮೆನಿನ ಯಹೂದಿಗಳಲ್ಲಿ ಒಂದು ಧಾಟಿ, ಪೋಲೆಂಡಿನವರಲ್ಲಿ ಇನ್ನೊಂದು. ಆದರೆ ಸಿನಗಾಗ್‌ನಲ್ಲಿ ಓದುವ ಸುರುಳಿಯಲ್ಲಿ ಈ ಚಿಹ್ನೆಗಳಿರುವುದಿಲ್ಲ, ಅವನ್ನು ಮೊದಲೇ ಬಾಯಿಪಾಠ ಮಾಡಿ ಬರಬೇಕು.

ಕುರಾನಿನ ಪಠಣವನ್ನು ಮುಸ್ಲಿಮರು ಸಂಗೀತವೆಂದು ಕರೆಯುವುದಿಲ್ಲ. ವಿಶ್ವಕೋಶವೂ ಆ ಭೇದವನ್ನು ಗೌರವಿಸಬೇಕು. ಉಚ್ಚಾರ, ಸ್ವರಾಕ್ಷರಗಳ ಅಳತೆ, ನಿಲ್ಲುವ ಸ್ಥಾನ ಇವನ್ನು ತಜ್ವೀದ್ ಶಾಸ್ತ್ರ ಕಟ್ಟುನಿಟ್ಟಾಗಿ ನಿಯಮಿಸುತ್ತದೆ. ಧಾಟಿಯನ್ನು ಮಾತ್ರ ಮೊದಲೇ ಗೊತ್ತು ಮಾಡುವಂತಿಲ್ಲ. ಪಠಿಸುವವರು ಮಖಾಮ್ ಎಂಬ ರಾಗಪದ್ಧತಿಯ ಜ್ಞಾನದಿಂದ ಆ ಗಳಿಗೆಯಲ್ಲೇ ಕಂಡುಕೊಳ್ಳಬೇಕು. ವಾದ್ಯಕ್ಕೆ ಇಲ್ಲಿ ಜಾಗವೇ ಇಲ್ಲ. ಈಜಿಪ್ಟಿನ ಅಬ್ದುಲ್ ಬಾಸಿತ್ ಅಬ್ದುಸ್ ಸಮದ್ (1927–1988) ಒಂದೇ ಉಸಿರಿನಲ್ಲಿ ದೀರ್ಘ ವಾಕ್ಯವನ್ನು ನಡೆಸಿ ನಿಲ್ಲಿಸಿದಾಗ ಸಭೆಯಿಂದ ಏಳುವ ಉದ್ಗಾರ ಧ್ವನಿಮುದ್ರಣಗಳಲ್ಲೂ ದಾಖಲಾಗಿದೆ.

ವೇದಪಠಣದಲ್ಲಿ ಋಗ್ವೇದ ಉದಾತ್ತ, ಅನುದಾತ್ತ, ಸ್ವರಿತಗಳೊಳಗೆ ನಿಲ್ಲುತ್ತದೆ. ಸಾಮವೇದ ಅದನ್ನೇ ಗಾನವಾಗಿಸುತ್ತದೆ. ಅದರ ಮಂತ್ರಗಳಲ್ಲಿ ಕೆಲವನ್ನು ಬಿಟ್ಟರೆ ಉಳಿದವೆಲ್ಲ ಋಗ್ವೇದದವೇ. ಗಾನಕ್ಕೆ ಒಗ್ಗುವಂತೆ ಶಬ್ದಗಳನ್ನು ಎಳೆದು, ಒಡೆದು, ನಡುವೆ ಹಾವು, ಹೋಯಿ ಮುಂತಾದ ಅರ್ಥವಿಲ್ಲದ ಸ್ತೋಭಾಕ್ಷರಗಳನ್ನು ತುಂಬುತ್ತಾರೆ. ಅರ್ಥವನ್ನು ಪಕ್ಕಕ್ಕಿಟ್ಟು ನಾದಕ್ಕೆ ಎಡೆ ಮಾಡುವ ಈ ಧೈರ್ಯ ಅಲ್ಲೆಲೂಯಾದ ಸ್ವರದೋಟಕ್ಕೆ ದೂರದ ನೆಂಟ. ಸ್ವರಗಳು ಮೇಲಿನಿಂದ ಕೆಳಕ್ಕೆ ಇಳಿಯುವ ಕ್ರಮದಲ್ಲಿ ಎಣಿಕೆಯಾಗುತ್ತವೆ, ಬಲಗೈಯ ಬೆರಳುಗಳ ಗೆಣ್ಣುಗಳನ್ನು ಹೆಬ್ಬೆರಳು ಮುಟ್ಟಿ ಗುರುತಿಸುತ್ತದೆ. ಕೌಥುಮ, ರಾಣಾಯನೀಯ, ಜೈಮಿನೀಯ ಎಂಬ ಶಾಖೆಗಳು ಉಳಿದಿವೆ. ವೇದಪಠಣ ಪರಂಪರೆಯನ್ನು ಯುನೆಸ್ಕೊ 2003ರಲ್ಲಿ ಮಾನವಕುಲದ ಅಮೂರ್ತ ಪರಂಪರೆಯ ಮೇರುಕೃತಿಗಳಲ್ಲಿ ಸೇರಿಸಿತು.

ಗಮಕ

ಕನ್ನಡದಲ್ಲಿ ಒಂಟಿ ದನಿಯ ಕಲೆ ಪೂರ್ಣವಾಗಿ ಅರಳಿದ್ದು ಗಮಕದಲ್ಲಿ, ಅಂದರೆ ಕಾವ್ಯವಾಚನದಲ್ಲಿ. ವೇದಿಕೆಯಲ್ಲಿ ಇಬ್ಬರು: ಪದ್ಯವನ್ನು ರಾಗವಾಗಿ ವಾಚಿಸುವ ಗಮಕಿ, ಅದರ ಅರ್ಥ ಬಿಡಿಸುವ ವ್ಯಾಖ್ಯಾನಕಾರ. ಹಿಂದೆ ಶ್ರುತಿ ಮಾತ್ರ. ಮೃದಂಗವಿಲ್ಲ, ತಾಳವಿಲ್ಲ, ಸ್ವರಕಲ್ಪನೆಯಿಲ್ಲ. ಹೆಚ್ಚಾಗಿ ವಾಚನಗೊಳ್ಳುವ ಕಾವ್ಯಗಳು ಕುಮಾರವ್ಯಾಸನ ಭಾರತ, ಲಕ್ಷ್ಮೀಶನ ಜೈಮಿನಿ ಭಾರತ, ರಾಘವಾಂಕನ ಹರಿಶ್ಚಂದ್ರ ಕಾವ್ಯ.

ಕುಮಾರವ್ಯಾಸ ಬಳಸಿದ ಭಾಮಿನಿ ಷಟ್ಪದಿಯನ್ನೇ ನೋಡೋಣ. ಮೂರು ನಾಲ್ಕು, ಮೂರು ನಾಲ್ಕು ಎಂದು ಮಾತ್ರೆಗಳ ನಡೆ. 1, 2, 4, 5ನೆಯ ಸಾಲುಗಳಲ್ಲಿ 14 ಮಾತ್ರೆ, 3 ಮತ್ತು 6ನೆಯ ಸಾಲುಗಳಲ್ಲಿ 23. ಈ ಲೆಕ್ಕವನ್ನು ಕುಟ್ಟಿದಂತೆ ಒಪ್ಪಿಸಿದರೆ ಪದ್ಯ ಸತ್ತುಹೋಗುತ್ತದೆ. ಒಳ್ಳೆಯ ಗಮಕಿ ಗಣದ ಕೊನೆಯಲ್ಲಿ ನಿಲ್ಲುವುದಿಲ್ಲ, ಅರ್ಥದ ಕೊನೆಯಲ್ಲಿ ನಿಲ್ಲುತ್ತಾನೆ. ಸಾಲಿನ ತುದಿಯಲ್ಲಿ ಶಬ್ದ ಮುರಿದು ಮುಂದಿನ ಸಾಲಿಗೆ ಚಾಚಿದ್ದರೆ ಉಸಿರು ಬಿಡದೆ ದಾಟಿಸುತ್ತಾನೆ. ಉದ್ದನೆಯ ಮೂರನೆಯ ಸಾಲಿನಲ್ಲಿ ರಾಗವನ್ನು ಮೇಲಕ್ಕೊಯ್ದು ಆರನೆಯದರಲ್ಲಿ ಇಳಿಸಿ ತರುತ್ತಾನೆ. ಛಂದಸ್ಸು ಒಳಗೆ ನಡೆಯುತ್ತಿರುತ್ತದೆ, ಮೇಲೆ ಕೇಳುವುದು ಮಾತು. ದುರ್ಯೋಧನನ ಗರ್ಜನೆಗೆ ಅಠಾಣ, ಅಳುವ ಚಂದ್ರಮತಿಗೆ ಮುಖಾರಿ ಎಂದು ರಸಕ್ಕೆ ತಕ್ಕ ರಾಗ ಆರಿಸುವ ಸ್ವಾತಂತ್ರ್ಯ ಗಮಕಿಯದು. ಒಂದೇ ಪ್ರಸಂಗದಲ್ಲಿ ಮಾತಾಡುವವರು ಬದಲಾದಂತೆ ರಾಗವೂ ಬದಲಾಗಬಹುದು. ಆದರೆ ರಾಗವಿಸ್ತಾರದ ಆಸೆ ಅರ್ಥವನ್ನು ಮುಚ್ಚಿದರೆ ಅದು ಗಮಕವಲ್ಲ, ಸಂಗೀತ ಕಛೇರಿಯ ತುಣುಕು. ಆಧುನಿಕ ಕಾಲದಲ್ಲಿ ಜೋಳದರಾಶಿ ದೊಡ್ಡನಗೌಡರಂಥವರು ಈ ಕಲೆಯನ್ನು ನಾಡಿನ ತುಂಬ ಪಸರಿಸಿದರು. ಶಿವಮೊಗ್ಗದ ಬಳಿ ತುಂಗೆಯ ದಡದ ಹೊಸಹಳ್ಳಿಯ ಎಚ್. ಆರ್. ಕೇಶವಮೂರ್ತಿಯವರ ವಾಚನ, ಮತ್ತೂರು ಕೃಷ್ಣಮೂರ್ತಿಯವರ ವ್ಯಾಖ್ಯಾನ ಒಂದು ತಲೆಮಾರಿನ ಕೇಳುಗರಿಗೆ ಕುಮಾರವ್ಯಾಸನ ದನಿಯೇ ಆಗಿತ್ತು. ಕೇಶವಮೂರ್ತಿಯವರಿಗೆ 2022ರಲ್ಲಿ ಪದ್ಮಶ್ರೀ ಸಂದಿತು.

ಇದರ ಪಕ್ಕದಲ್ಲೇ ತಾಳವಿಲ್ಲದೆ ಹಾಡುವ ದಾಸರ ಉಗಾಭೋಗಗಳನ್ನೂ, ಬೀಸುಕಲ್ಲಿನ ಮುಂದೆ ಹುಟ್ಟಿದ ತ್ರಿಪದಿಗಳನ್ನೂ ಇಡಬೇಕು. ಹಲಸಂಗಿ ಗೆಳೆಯರು ಗರತಿಯ ಹಾಡು ಸಂಕಲನದಲ್ಲಿ ಸಂಗ್ರಹಿಸಿದ ಪದಗಳು ಅಚ್ಚಿನಲ್ಲಿ ಕವಿತೆಯಾಗಿ ಉಳಿದವು. ಅವುಗಳ ಧಾಟಿಗಳಿಗೆ ಅಷ್ಟೇ ಶ್ರದ್ಧೆಯ ದಾಖಲಾತಿ ಸಿಗಲಿಲ್ಲ ಎನ್ನುವುದು ಈಗಲೂ ನೋಯಿಸುವ ಮಾತು.

ಲೌಕಿಕ ಹಾಡುಗಳು

ಸ್ವರಲಿಪಿಯ ಸಮೇತ ಇಡಿಯಾಗಿ ಉಳಿದ ಅತಿ ಹಳೆಯ ಹಾಡು ಒಂದೇ ಧಾಟಿಯದು: ಇಂದಿನ ಟರ್ಕಿಯ ಅಯ್ದಿನ್ ಬಳಿ ಸಿಕ್ಕ ಸೇಕಿಲೋಸ್‌ನ ಗ್ರೀಕ್ ಶಿಲಾಸ್ತಂಭ. ಕ್ರಿಸ್ತಶಕದ ಮೊದಲ ಎರಡು ಶತಮಾನಗಳ ಆ ಕಲ್ಲು ಈಗ ಕೋಪನ್‌ಹೇಗನ್ನಿನಲ್ಲಿದೆ. ದಕ್ಷಿಣ ಫ್ರಾನ್ಸಿನ ಟ್ರೂಬಡೂರ್ ಕವಿಗಳಿಂದ (ಸುಮಾರು 1100–1300) 2500ರಷ್ಟು ಕವಿತೆಗಳು ಉಳಿದಿವೆ, ಧಾಟಿ ಉಳಿದಿರುವುದು ಅವುಗಳಲ್ಲಿ ಹತ್ತನೆಯ ಒಂದು ಪಾಲಿಗೆ. ಕವಯಿತ್ರಿಯರ ಪೈಕಿ ದಿಯಾದ ಕೌಂಟೆಸ್ ರಚಿಸಿದ ಒಂದೇ ಒಂದು ಹಾಡಿಗೆ ಧಾಟಿ ಸಿಕ್ಕಿದೆ. ಸ್ಪೇನಿನ ದೊರೆ ಹತ್ತನೆಯ ಅಲ್ಫೊನ್ಸೊ ಮರಿಯಮ್ಮನ ಮೇಲೆ 400ಕ್ಕೂ ಹೆಚ್ಚು ಹಾಡುಗಳ ಸಂಗ್ರಹವನ್ನು ಮಾಡಿಸಿದ. ಧರ್ಮಸುಧಾರಣೆಯ ಕಾಲದಲ್ಲಿ ಕ್ಯಾಲ್ವಿನ್ ಚರ್ಚಿನಿಂದ ವಾದ್ಯಗಳನ್ನೂ ಹಲದನಿಯ ಹಾಡನ್ನೂ ಹೊರಗಿಟ್ಟು, ಸಭಿಕರೆಲ್ಲ ಒಂದೇ ಧಾಟಿಯಲ್ಲಿ ಕೀರ್ತನೆ ಹಾಡುವಂತೆ ಮಾಡಿದರು. ಆ ಕೀರ್ತನೆಗಳ ಜಿನೀವಾ ಸಂಗ್ರಹ 1562ರಲ್ಲಿ ಪೂರ್ಣಗೊಂಡಿತು.

ಇಂದಿಗೂ ಜೀವಂತವಾಗಿರುವ ಲೌಕಿಕ ಪರಂಪರೆಗಳಲ್ಲಿ ಐರ್ಲೆಂಡಿನ ಶಾನ್‌ನೋಸ್ ಮುಖ್ಯವಾದದ್ದು. ಐರಿಷ್ ಭಾಷೆಯ ಹಾಡನ್ನು ಒಬ್ಬರೇ, ವಾದ್ಯವಿಲ್ಲದೆ, ಪ್ರತಿ ನುಡಿಯಲ್ಲೂ ಬಳುಕುಗಳನ್ನು ಬದಲಿಸುತ್ತ ಹಾಡುತ್ತಾರೆ. ದನಿ ಏರಿಸಿ ಇಳಿಸಿ ಭಾವ ತೋರುವುದು ಅಲ್ಲಿ ಅಸಭ್ಯ. ಭಾವವೆಲ್ಲ ಬಳುಕಿನಲ್ಲಿ, ತಡೆದು ಬಿಡುವುದರಲ್ಲಿ. ಕೇಳುಗರೊಬ್ಬರು ಹಾಡುವವರ ಕೈ ಹಿಡಿದು ಹಾಡಿನ ಓಟಕ್ಕೆ ಮೆಲ್ಲಗೆ ಸುತ್ತಿಸುವ ರೂಢಿಯೂ ಉಂಟು. ಕಾನಮಾರಾ ಸೀಮೆಯ ಜೋ ಹೀನಿ (1919–1984) ಈ ಹಾಡುಗಳ ದೊಡ್ಡ ನಿಧಿಯನ್ನು ಅಮೆರಿಕಕ್ಕೆ ಒಯ್ದರು. ಅಲ್ಲಿಯ ರಾಷ್ಟ್ರೀಯ ಪರಂಪರೆ ಗೌರವ 1982ರಲ್ಲಿ ಅವರಿಗೆ ಸಂದಿತು. ಸ್ಕ್ಯಾಂಡಿನೇವಿಯದ ಉತ್ತರದ ಸಾಮಿ ಜನರ ಯೋಯಿಕ್ ಕೂಡ ಒಂಟಿ ದನಿಯದೇ. ಅದು ಒಬ್ಬ ಮನುಷ್ಯನನ್ನೋ ಪ್ರಾಣಿಯನ್ನೋ ವರ್ಣಿಸುವುದಲ್ಲ, ದನಿಯಲ್ಲಿ ಅವರನ್ನು ಕರೆದು ನಿಲ್ಲಿಸುವುದು ಎಂದು ಸಾಮಿಗಳು ಹೇಳುತ್ತಾರೆ.

ಒಂಟಿ ವಾದ್ಯ

ಜಪಾನಿನ ಶಾಕುಹಾಚಿ ಸುಮಾರು 54 ಸೆಂಟಿಮೀಟರ್ ಉದ್ದದ ಬಿದಿರ ಕೊಳಲು. ತಲೆಯನ್ನು ಪೂರ್ತಿ ಮುಚ್ಚುವ ಬುಟ್ಟಿಯಂಥ ಟೋಪಿ ಧರಿಸಿ ಊರೂರು ಸುತ್ತುತ್ತಿದ್ದ ಫುಕೆ ಪಂಥದ ಬೌದ್ಧ ಭಿಕ್ಷುಗಳಿಗೆ ಅದನ್ನು ಊದುವುದೇ ಧ್ಯಾನ. ಹದಿನೆಂಟನೆಯ ಶತಮಾನದಲ್ಲಿ ಕುರೊಸಾವಾ ಕಿಂಕೊ ಮಠಗಳನ್ನು ಸುತ್ತಿ ಒಟ್ಟುಗೂಡಿಸಿದ 36 ಕೃತಿಗಳು ಕಿಂಕೊ ಸಂಪ್ರದಾಯದ ಮೂಲಧನ. 1871ರಲ್ಲಿ ಸರಕಾರ ಪಂಥವನ್ನು ರದ್ದುಪಡಿಸಿತು, ಕೃತಿಗಳು ಉಳಿದವು. ಗಾಳಿಯ ಸರಪರ ಸದ್ದನ್ನು ಇಲ್ಲಿ ದೋಷವೆಂದು ತೆಗೆಯುವುದಿಲ್ಲ. ಸ್ವರ ಗಾಳಿಯಿಂದ ಹುಟ್ಟಿ ಗಾಳಿಗೆ ಮರಳುವುದು ಸಂಗೀತದ್ದೇ ಭಾಗ.

ಯೂರೋಪಿನಲ್ಲಿ ಬಾಕ್ 1720ರ ಸುಮಾರಿಗೆ ಒಂಟಿ ಚೆಲ್ಲೊಗಾಗಿ ಸ್ವೀಟ್ ಎಂಬ 6 ನೃತ್ಯಮಾಲೆಗಳನ್ನು ಬರೆದರು. ಅವರು ಕಂಡುಕೊಂಡ ಉಪಾಯ ಹೀಗಿದೆ: ಧಾಟಿ ಕೆಳಗಿನ ಒಂದು ಸ್ವರವನ್ನು ಮುಟ್ಟಿ ಮೇಲಕ್ಕೆ ಜಿಗಿಯುತ್ತದೆ, ಸ್ವಲ್ಪ ಹೊತ್ತಿನ ಮೇಲೆ ಮತ್ತೆ ಇಳಿದು ಮೊದಲಿನದರ ನೆರೆಯ ಸ್ವರವನ್ನು ಮುಟ್ಟುತ್ತದೆ. ಬಿಟ್ಟ ದಾರವನ್ನು ಕಿವಿ ತಾನೇ ಎತ್ತಿಕೊಂಡು ಜೋಡಿಸುತ್ತದೆ. ನುಡಿಸುತ್ತಿರುವುದು ಒಂದೇ ಸಾಲು, ಕೇಳಿಸುವುದು ಎರಡು ಮೂರು. ಐದನೆಯ ಸ್ವೀಟ್‌ನ ಸರಬಾಂಡ್ ಎಂಬ ಭಾಗದಲ್ಲಂತೂ ಎರಡು ತಂತಿ ಕೂಡಿಸಿ ಒತ್ತುವ ಒಂದು ಸ್ವರವೂ ಇಲ್ಲ. ಹಾಗಿದ್ದೂ ಇಡೀ ಸ್ವೀಟ್‌ನ ಅತಿ ಗಾಢ ಹಾರ್ಮನಿ ಅಲ್ಲಿಯೇ ಇದೆ.

ಇಪ್ಪತ್ತನೆಯ ಶತಮಾನ ಈ ದಾರಿಗೆ ಮರಳಿತು. ಡೆಬ್ಯುಸಿಯ ಸಿರಿಂಕ್ಸ್ (1913) ನಾಟಕವೊಂದರ ತೆರೆಮರೆಯಲ್ಲಿ ನುಡಿಸಲು ಬರೆದ ಕೊಳಲಿನ ಕೃತಿ. ಪ್ಲಾಟಿನಮ್ ಕೊಳಲಿಗಾಗಿ ವಾರೆಸ್ 1936ರಲ್ಲಿ ಬರೆದದ್ದಕ್ಕೆ ಆ ಲೋಹದ ಸಾಂದ್ರತೆಯೇ ಹೆಸರು: ಡೆನ್ಸಿಟಿ 21.5. ಗರ್ಲಿಟ್ಸ್‌ನ ಯುದ್ಧಕೈದಿಗಳ ಶಿಬಿರದಲ್ಲಿ 15 ಜನವರಿ 1941ರಂದು ಮೊದಲ ಬಾರಿ ನುಡಿಸಿದ ಮೆಸಿಯಾನ್ ಅವರ ಚತುರ್ವಾದ್ಯ ಕೃತಿಯಲ್ಲಿ ಮೂರನೆಯ ಭಾಗ ಕ್ಲಾರಿನೆಟ್ ಒಂದಕ್ಕೇ ಮೀಸಲು. ಕೇಳಿಸದಷ್ಟು ಮೆಲ್ಲಗೆ ಎದ್ದ ಒಂದು ಸ್ವರವನ್ನು ಒಂದೇ ಉಸಿರಿನಲ್ಲಿ ಪೂರ್ಣ ಬಲಕ್ಕೆ ಬೆಳೆಸಬೇಕಾದ ಎಡೆಗಳು ಅದರಲ್ಲಿವೆ. ಕ್ಲಾರಿನೆಟ್ ವಾದಕರಿಗೆ ಅದು ಇಂದಿಗೂ ಪರೀಕ್ಷೆ.

ಲುಚಾನೊ ಬೆರಿಯೊ 1958ರಲ್ಲಿ ಕೊಳಲುವಾದಕ ಸೆವೆರಿನೊ ಗಾಜೆಲೋನಿಗಾಗಿ ಬರೆದ ಸೆಕ್ವೆಂಜಾ ಒಂದರ ಗುರಿ ಬಾಕ್ ಅವರದ್ದೇ: ಏಕಧಾರೆಯ ವಾದ್ಯದಿಂದ ಹಲವು ಧಾರೆಗಳನ್ನು ಕೇಳಿಸುವುದು. ಅದಕ್ಕಾಗಿ ಅವರು ತಾಳದ ಗೆರೆಗಳನ್ನು ತೆಗೆದುಹಾಕಿ, ಪುಟದ ಮೇಲೆ ಸ್ವರಗಳ ನಡುವಿನ ಅಂತರವನ್ನೇ ಕಾಲದ ಅಳತೆಯಾಗಿ ಬರೆದರು. ವಾದಕರು ಇದನ್ನು ಮನಬಂದಂತೆ ಓದತೊಡಗಿದಾಗ, 1992ರಲ್ಲಿ ಇಡೀ ಕೃತಿಯನ್ನು ಸಾಂಪ್ರದಾಯಿಕ ಲಿಪಿಯಲ್ಲಿ, ಪ್ರತಿ ಸ್ವರದ ಕಾಲವನ್ನೂ ಗೊತ್ತುಪಡಿಸಿ ಮತ್ತೆ ಬರೆದುಕೊಟ್ಟರು. ಎರಡೂ ಆವೃತ್ತಿಗಳು ಈಗ ಬಳಕೆಯಲ್ಲಿವೆ.